ಗರ್ಭಸ್ಥ ಶಿಶುವೂ ಮದ್ಯಸಾರವೂ

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಯಿದ್ದನು. ವರ್ನಿಯರ್ ಮಾಪಕದಲ್ಲಿ ಅಳತೆಯನ್ನು ಓದುವ ಕ್ರಮವನ್ನು ಸೋಮವಾರ ಹೇಳಿಕೊಟ್ಟರೆ ಕಲಿಯುತ್ತಿದ್ದನು. ಗುರುವಾರ ಬಂದಾಗ ಅದನ್ನು ಎಂದೂ ಕೇಳಿಯೇ ಇಲ್ಲವೆಂಬಂತೆ ನಿಲ್ಲುತ್ತಿದ್ದನು. ಮಾತಿನಲ್ಲಿ ಚುರುಕು, ಸ್ವಭಾವದಲ್ಲಿ ಸ್ನೇಹಪರ. ಆದರೆ ಚಿಕ್ಕದೊಂದು ಲೆಕ್ಕ ಬಂದೊಡನೆ ಕಂಗೆಡುತ್ತಿದ್ದನು. ಮುಟ್ಟಬೇಡವೆಂದ ಉಪಕರಣವನ್ನು ಅರೆಗಳಿಗೆಯಲ್ಲಿ ಮುಟ್ಟಿಬಿಡುತ್ತಿದ್ದನು. ನಾವು ಅವನನ್ನು ಸೋಮಾರಿಯೆಂದೆವು, ಉದ್ಧಟನೆಂದೆವು, ಎಲ್ಲರೆದುರಿಗೆ ಗದರಿಸಿದೆವು. ವರ್ಷದ ನಡುವೆಯೇ ಅವನು ಕಾಲೇಜನ್ನು ಬಿಟ್ಟುಹೋದನು.

ಅವನ ಮರೆವಿಗೆ ಇದೇ ಕಾರಣವೆಂದು ಹೇಳುವ ಅಧಿಕಾರ ನಮಗಿಲ್ಲ. ನಾವು ಭೌತಶಾಸ್ತ್ರವನ್ನು ಬೋಧಿಸುವವರು, ವೈದ್ಯರಲ್ಲ. ಆದರೆ ಅಂಥ ಮರೆವಿಗೆ ಸೋಮಾರಿತನವಲ್ಲದೆ ಬೇರೊಂದು ಕಾರಣವೂ ಇರಬಹುದೆಂಬ ಯೋಚನೆಯೇ ಅಂದು ನಮಗೆ ಹೊಳೆಯಲಿಲ್ಲ. ಮುರಿದ ಕಾಲಿನ ಹುಡುಗನನ್ನು ಓಡೆಂದು ಯಾರೂ ಗದರಿಸುವುದಿಲ್ಲ. ಕಾಲಿನ ಮುರಿತ ಕಣ್ಣಿಗೆ ಕಾಣುತ್ತದೆ, ಮಿದುಳಿನ ಮುರಿತ ಕಾಣುವುದಿಲ್ಲ, ವ್ಯತ್ಯಾಸವಿರುವುದು ಅಷ್ಟರಲ್ಲಿಯೇ. ಹೀಗೆ ಕಾಣದಿರುವ ಮುರಿತಗಳಲ್ಲಿ ಒಂದನ್ನು ಕುರಿತು ಇಲ್ಲಿ ಬರೆಯುತ್ತಿದ್ದೇವೆ. ಅದು ಹುಟ್ಟುವುದಕ್ಕೆ ಮೊದಲೇ ಬೀಳುವ ಪೆಟ್ಟು. ಪೆಟ್ಟು ಕೊಡುವ ವಸ್ತು ಮದ್ಯಸಾರ.

ಈ ಸಂದೇಹ ಹೊಸದಲ್ಲ. ಇಂಗ್ಲೆಂಡಿನಲ್ಲಿ ಜಿನ್ ಎಂಬ ಅಗ್ಗದ ಮದ್ಯ ಹೊಳೆಯಾಗಿ ಹರಿಯುತ್ತಿದ್ದ ಕಾಲದಲ್ಲಿ, ೧೭೨೬ರಷ್ಟು ಹಿಂದೆಯೇ, ಲಂಡನ್ನಿನ ವೈದ್ಯರ ಸಂಘವು ಪಾರ್ಲಿಮೆಂಟಿಗೆ ಬಿನ್ನವತ್ತಳೆಯೊಂದನ್ನು ಒಪ್ಪಿಸಿ, ಈ ಪಾನದಿಂದ ದುರ್ಬಲರೂ ರೋಗಿಷ್ಠರೂ ಆದ ಮಕ್ಕಳು ಹುಟ್ಟುತ್ತಿದ್ದಾರೆಂದು ಎಚ್ಚರಿಸಿತ್ತು. ೧೮೯೯ರಲ್ಲಿ ಲಿವರ್‌ಪೂಲ್ ಸೆರೆಮನೆಯ ವೈದ್ಯನಾಗಿದ್ದ ವಿಲಿಯಂ ಸಲಿವನ್ ಎಂಬಾತನು ಮದ್ಯದ ದಾಸರಾಗಿದ್ದ ೧೨೦ ಮಂದಿ ಹೆಂಗಸರ ೬೦೦ ಮಕ್ಕಳ ಲೆಕ್ಕವನ್ನು ತೆಗೆದನು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸತ್ತು ಹುಟ್ಟಿದ್ದರು, ಇಲ್ಲವೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರು. ಅದೇ ಹೆಂಗಸರ ಕುಡಿಯದ ಬಂಧುಗಳ ಮಕ್ಕಳಲ್ಲಿ ಇಂಥ ಸಾವು ನೂರಕ್ಕೆ ಇಪ್ಪತ್ತನಾಲ್ಕರಷ್ಟು ಮಾತ್ರ. ಇನ್ನೂ ವಿಶೇಷವಾದ ಸಂಗತಿಯೆಂದರೆ, ಗರ್ಭಿಣಿಯಾಗಿದ್ದಾಗ ಸೆರೆಮನೆಯಲ್ಲಿದ್ದು ಕುಡಿಯಲು ಸಿಗದೆ ಹೋದ ಕೆಲವರಿಗೆ ಆರೋಗ್ಯವಂತ ಮಕ್ಕಳು ಹುಟ್ಟಿದ್ದರು. ತಾಯಿ ಅವಳೇ, ವಂಶ ಅದೇ, ಬದಲಾದದ್ದು ಕುಡಿತವೊಂದೇ. ಒಂದನ್ನು ಬದಲಾಯಿಸಿ ಉಳಿದುದನ್ನು ಹಾಗೆಯೇ ಇಡುವುದು ಪ್ರಯೋಗದ ಮೂಲಸೂತ್ರವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಆ ಸೆರೆಮನೆಯಲ್ಲಿ ಯಾರೂ ಬಯಸದೆಯೇ ಅಂಥದೊಂದು ಪ್ರಯೋಗ ನಡೆದುಹೋಗಿತ್ತು.

ಆದರೂ ವೈದ್ಯಲೋಕ ಇದನ್ನು ಬಹುಮಟ್ಟಿಗೆ ಮರೆತಿತು. ಎಷ್ಟರ ಮಟ್ಟಿಗೆಂದರೆ, ಅಕಾಲದಲ್ಲಿ ಬರುವ ಹೆರಿಗೆಯ ನೋವನ್ನು ತಡೆಯುವುದಕ್ಕಾಗಿ ಗರ್ಭಿಣಿಯ ರಕ್ತನಾಳಕ್ಕೆ ಮದ್ಯಸಾರವನ್ನೇ ಸೇರಿಸುವ ಚಿಕಿತ್ಸೆ ೧೯೬೭ರಲ್ಲಿ ಪ್ರಕಟವಾಗಿ, ಹಲವು ವರ್ಷಗಳ ಕಾಲ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಅದರ ಮರುವರ್ಷವೇ, ೧೯೬೮ರಲ್ಲಿ, ಫ್ರಾನ್ಸಿನ ನಾಂತ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ ಮತ್ತು ಅವನ ಸಂಗಡಿಗರು ಕುಡುಕ ತಂದೆತಾಯಿಗಳ ೧೨೭ ಮಕ್ಕಳಲ್ಲಿ ತಾವು ಕಂಡ ಸಮಾನ ಲಕ್ಷಣಗಳನ್ನು ವಿವರಿಸಿದರು. ಪ್ರಾಂತೀಯ ಪತ್ರಿಕೆಯೊಂದರಲ್ಲಿ ಫ್ರೆಂಚ್ ಭಾಷೆಯಲ್ಲಿ ಬಂದ ಆ ಲೇಖನವನ್ನು ಹೊರಗಿನವರು ಓದಲಿಲ್ಲ. ೧೯೭೩ರಲ್ಲಿ ಅಮೆರಿಕದ ಸಿಯಾಟಲ್ ನಗರದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಎಂಬ ವೈದ್ಯರು ಮೂರು ಬೇರೆ ಬೇರೆ ಜನಾಂಗಗಳಿಗೆ ಸೇರಿದ ಎಂಟು ಮಕ್ಕಳನ್ನು ಪರೀಕ್ಷಿಸಿ, ತಾಯಿಯ ಕುಡಿತವೊಂದನ್ನು ಬಿಟ್ಟರೆ ಬೇರೆ ಸಮಾನ ಕಾರಣವಿಲ್ಲದ ಈ ಮಕ್ಕಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದಾರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಕಣ್ಣಿನ ಸೀಳು ಕಿರಿದು, ಮೂಗಿನಿಂದ ತುಟಿಗೆ ಇಳಿಯುವ ತೋಡು ಮಾಸಿ ಚಪ್ಪಟೆ, ಮೇಲ್ದುಟಿ ತೆಳು, ದೇಹದ ಬೆಳವಣಿಗೆ ಕುಂಠಿತ, ತಲೆಯ ಸುತ್ತಳತೆ ಕಡಿಮೆ. ಅದೇ ವರ್ಷ ಈ ಲಕ್ಷಣಸಮೂಹಕ್ಕೆ ಹೆಸರೂ ದೊರೆಯಿತು. ಕನ್ನಡದಲ್ಲಿ ಇದನ್ನು ‘ಗರ್ಭಸ್ಥ ಮದ್ಯಸಾರ ದೋಷ’ ಎನ್ನಬಹುದು.

ಇನ್ನು ಇದು ನಡೆಯುವ ಬಗೆಯನ್ನು ನೋಡೋಣ. ಮದ್ಯಸಾರದ ಅಣು ಬಹಳ ಚಿಕ್ಕದು: ಇಂಗಾಲದ ಎರಡು, ಜಲಜನಕದ ಆರು, ಆಮ್ಲಜನಕದ ಒಂದು, ಒಟ್ಟು ಒಂಬತ್ತೇ ಪರಮಾಣುಗಳು. ಅದು ನೀರಿನಲ್ಲಿಯೂ ಕರಗುತ್ತದೆ, ಜೀವಕೋಶದ ಜಿಡ್ಡಿನ ಪೊರೆಯನ್ನೂ ದಾಟುತ್ತದೆ. ತಾಯಿಯ ರಕ್ತ, ಶಿಶುವಿನ ರಕ್ತ ಎರಡೂ ನೇರವಾಗಿ ಬೆರೆಯುವುದಿಲ್ಲ. ನಡುವೆ ಮಾಸು ಎಂಬ ಅಂಗವುಂಟು. ಆದರೆ ಈ ಪುಟ್ಟ ಅಣುವಿಗೆ ಮಾಸು ಗೋಡೆಯಲ್ಲ, ತೆರೆದ ಬಾಗಿಲು. ಸುಮಾರು ಒಂದು ಗಂಟೆಯೊಳಗೆ ಶಿಶುವಿನ ರಕ್ತದಲ್ಲಿಯೂ ಮದ್ಯಸಾರದ ಪ್ರಮಾಣ ತಾಯಿಯ ರಕ್ತದಲ್ಲಿರುವಷ್ಟೇ ಆಗುತ್ತದೆ. ತಾಯಿಯ ಯಕೃತ್ತಿನಲ್ಲಿ ಅದನ್ನು ಒಡೆಯತಕ್ಕ ಕಿಣ್ವಗಳು ಧಾರಾಳವಾಗಿವೆ. ಶಿಶುವಿನ ಎಳೆಯ ಯಕೃತ್ತಿನಲ್ಲಿ ಅವು ಅತ್ಯಲ್ಪ. ಅಲ್ಲದೆ ಶಿಶುವನ್ನು ಸುತ್ತುವರಿದ ಗರ್ಭೋದಕವೂ ಮದ್ಯಸಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಶಿಶು ಆ ನೀರನ್ನೇ ನುಂಗುತ್ತಿರುತ್ತದೆ. ಹೀಗಾಗಿ ತಾಯಿಯ ಅಮಲು ಇಳಿದ ಮೇಲೂ ಶಿಶುವಿಗೆ ಬಿಡುಗಡೆಯಿಲ್ಲ.

ಅದೇ ಅಣು ದೊಡ್ಡವರ ದೇಹವನ್ನೂ ಸೇರುತ್ತದೆ. ಆದರೆ ಪರಿಣಾಮ ಬೇರೆ. ಏಕೆ? ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆಯನ್ನು ಬಾಗಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜ್ವಾಲೆಯಲ್ಲಿ ಮೆತ್ತಗಾದ ಗಾಜನ್ನು ಬೆರಳಿನಷ್ಟು ತಳ್ಳಿದರೂ ಅದು ಬಾಗುತ್ತದೆ. ತಣಿದ ಮೇಲೆ ಆ ಬಾಗು ಶಾಶ್ವತ. ತಣಿದ ಗಾಜಿಗೆ ಅಷ್ಟೇ ಬಲ ತಗಲಿದರೆ ಏನೂ ಆಗದು. ಗರ್ಭಸ್ಥ ಶಿಶುವಿನ ಮಿದುಳು ಜ್ವಾಲೆಯಲ್ಲಿರುವ ಗಾಜು. ಪ್ರಾಯಕ್ಕೆ ಬಂದವರ ಮಿದುಳಿನಲ್ಲಿ ಸುಮಾರು ಎಂಟು ಸಾವಿರದ ಆರುನೂರು ಕೋಟಿ ನರಕೋಶಗಳಿವೆ. ಇವುಗಳಲ್ಲಿ ಬಹುಪಾಲು ಗರ್ಭದಲ್ಲಿಯೇ ಹುಟ್ಟಿ, ಹುಟ್ಟಿದ ಸ್ಥಳದಿಂದ ತೆವಳಿಕೊಂಡು ತಮ್ಮ ತಮ್ಮ ಸ್ಥಾನವನ್ನು ಸೇರಿ, ನೆರೆಹೊರೆಯ ಕೋಶಗಳೊಡನೆ ಸಂಬಂಧ ಬೆಳೆಸಬೇಕು. ಪ್ರತಿಯೊಂದು ಹೆಜ್ಜೆಗೂ ಕಾಲ ಗೊತ್ತಾಗಿದೆ.

ಮೊದಲ ಹೆಜ್ಜೆ ಬಹಳ ಬೇಗ ಬರುತ್ತದೆ. ಇಲಿಮರಿಗಳ ಭ್ರೂಣಕ್ಕೆ ಏಳನೆಯ ದಿನದಲ್ಲಿ ಮದ್ಯಸಾರ ತಗಲಿದರೆ, ಮೇಲೆ ಹೇಳಿದ ಮುಖಲಕ್ಷಣಗಳೇ ಮೂಡುವುದನ್ನು ಕ್ಯಾಥ್ಲೀನ್ ಸ್ಯುಲಿಕ್ ಎಂಬ ವಿಜ್ಞಾನಿ ೧೯೮೧ರಲ್ಲಿ ತೋರಿಸಿಕೊಟ್ಟಳು. ಮಾನವ ಶಿಶುವಿಗೆ ಇದು ಸುಮಾರು ಮೂರನೆಯ ವಾರ. ಆ ಹೊತ್ತಿಗೆ ತಾನು ಗರ್ಭಿಣಿಯೆಂಬುದು ತಾಯಿಗೆ ತಿಳಿದೂ ಇರುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕೊನೆಯ ಹೆಜ್ಜೆಯೂ ಅಷ್ಟೇ ಸೂಕ್ಷ್ಮ. ಗರ್ಭದ ಕೊನೆಯ ಮೂರು ತಿಂಗಳಿಂದ ಹಿಡಿದು ಹುಟ್ಟಿದ ಮೇಲಿನ ಎರಡು ಮೂರು ವರ್ಷಗಳವರೆಗೆ ಮಿದುಳು ವೇಗವಾಗಿ ಬೆಳೆಯುತ್ತದೆ. ಇಲಿಮರಿಗಳಲ್ಲಿ ಇದಕ್ಕೆ ಸಮನಾದ ಕಾಲ ಹುಟ್ಟಿದ ಮೊದಲ ಎರಡು ವಾರ. ಆ ಅವಧಿಯಲ್ಲಿ ನರಕೋಶಗಳು ಪರಸ್ಪರ ಸಂಕೇತಗಳನ್ನು ಕಳುಹಿಸುತ್ತ ಇರಬೇಕು. ಸಂಕೇತ ಬಾರದ ಕೋಶ ತಾನು ಬೇಡವಾದೆನೆಂದು ತಿಳಿದಂತೆ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಮದ್ಯಸಾರವಾದರೋ ಪ್ರಚೋದಕ ಸಂಕೇತಗಳನ್ನು ಅಡಗಿಸುತ್ತದೆ, ಶಾಮಕ ಸಂಕೇತಗಳನ್ನು ಹೆಚ್ಚಿಸುತ್ತದೆ. ದೊಡ್ಡವರಲ್ಲಿ ಇದರ ಫಲ ಮಂಪರು. ಎಳೆಯ ಮಿದುಳಿನಲ್ಲಿ ಇದರ ಫಲ ಕೋಶಗಳ ಸಾಮೂಹಿಕ ಮರಣ. ಏಳು ದಿನದ ಇಲಿಮರಿಗಳಲ್ಲಿ ಹೀಗಾಗುವುದನ್ನು ೨೦೦೦ದಲ್ಲಿ ಇಕೊನೊಮಿಡೌ, ಓಲ್ನಿ ಮತ್ತು ಅವರ ಸಂಗಡಿಗರು ಪ್ರಕಟಿಸಿದರು.

ಇದರ ಗುರುತುಗಳು ಮಿದುಳಿನ ಚಿತ್ರಗಳಲ್ಲಿ ಕಂಡುಬಂದಿವೆ. ಎಡಬಲ ಅರ್ಧಗೋಳಗಳನ್ನು ಕೂಡಿಸುವ ನರತಂತುಗಳ ಸೇತುವೆ ಕೆಲವರಲ್ಲಿ ತೆಳುವಾಗಿರುತ್ತದೆ, ಅಪರೂಪವಾಗಿ ಇರುವುದೇ ಇಲ್ಲ. ಚಲನೆಯ ಹದವನ್ನು ಕಾಯುವ ಕಿರುಮಿದುಳು, ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಮೊದಲಾದ ಭಾಗಗಳೂ ಕಿರಿದಾಗಿರಬಹುದು. ನಡತೆಯಲ್ಲಿ ಇವು ತೋರಿಕೊಳ್ಳುವ ಬಗೆ ನಾನಾ ವಿಧ: ಗಮನ ನಿಲ್ಲದು, ಕಲಿತದ್ದು ಉಳಿಯದು, ಗಣಿತ ಕಠಿನ, ಆವೇಗವನ್ನು ತಡೆಯುವ ಶಕ್ತಿ ಕಡಿಮೆ. ತಪ್ಪಿಗೆ ಶಿಕ್ಷೆಯಾದರೂ ಮರುದಿನ ಅದೇ ತಪ್ಪು. ಕಾರಣ ಮತ್ತು ಕಾರ್ಯಗಳ ನಡುವಣ ಕೊಂಡಿ ಅವರ ಮನಸ್ಸಿನಲ್ಲಿ ಸಡಿಲ. ಮೇಲೆ ಹೇಳಿದ ಮುಖಲಕ್ಷಣಗಳು ಹೆಚ್ಚಿನವರಲ್ಲಿ ಇರುವುದೇ ಇಲ್ಲವಾದ್ದರಿಂದ, ಇವರು ಎಲ್ಲ ಮಕ್ಕಳಂತೆಯೇ ಕಾಣುತ್ತಾರೆ. ದೋಷ ಅಡಗಿರುತ್ತದೆ, ಬೈಗುಳ ಮಾತ್ರ ಬಹಿರಂಗ.

ಸಿಯಾಟಲ್‌ನ ಮನೋವಿಜ್ಞಾನಿ ಆನ್ ಸ್ಟ್ರೈಸ್‌ಗುತ್ ಮತ್ತು ಸಂಗಡಿಗರು ಈ ದೋಷವುಳ್ಳ ೪೧೫ ಜನರ ಜೀವನವನ್ನು ಪರಿಶೀಲಿಸಿ ೧೯೯೬ರಲ್ಲಿ ವರದಿಯನ್ನು ಒಪ್ಪಿಸಿದರು. ಪೂರ್ಣ ಲಕ್ಷಣಗಳಿದ್ದವರ ಬುದ್ಧಿಲಬ್ಧದ ಸರಾಸರಿ ೭೯, ಉಳಿದವರದು ೯೦. ಆದರೆ ನಿತ್ಯಜೀವನವನ್ನು ನಡೆಸುವ ಸಾಮರ್ಥ್ಯ ಈ ಅಂಕಗಳಿಗಿಂತಲೂ ಕೆಳಗಿತ್ತು. ಹನ್ನೆರಡು ವರ್ಷ ಮೀರಿದವರಲ್ಲಿ ನೂರಕ್ಕೆ ಸುಮಾರು ಅರುವತ್ತು ಮಂದಿ ಕಾನೂನಿನ ತೊಡಕಿಗೆ ಸಿಕ್ಕಿದ್ದರು. ಹೆಚ್ಚುಕಡಿಮೆ ಅಷ್ಟೇ ಮಂದಿಯ ಶಾಲಾವ್ಯಾಸಂಗಕ್ಕೆ ಭಂಗ ಬಂದಿತ್ತು. ಅದೇ ವರದಿಯಲ್ಲಿ ಆಶಾದಾಯಕವಾದ ಮಾತೂ ಇದೆ. ಆರು ವರ್ಷದೊಳಗೆ ದೋಷವನ್ನು ಗುರುತಿಸಿದ್ದ, ಹಿಂಸೆಯಿಲ್ಲದ ಸ್ಥಿರವಾದ ಮನೆಯಲ್ಲಿ ಬೆಳೆದ ಮಕ್ಕಳಿಗೆ ಈ ಕಷ್ಟಗಳು ಎಷ್ಟೋ ಕಡಿಮೆಯಾಗಿದ್ದವು. ಬಾಗಿದ ಗಾಜನ್ನು ನೇರ ಮಾಡಲಾಗದಿರಬಹುದು. ಆದರೆ ಅದು ಒಡೆಯದಂತೆ ಇಡಲು ಸಾಧ್ಯವುಂಟು.

ಇಲ್ಲಿ ವಾಚಕರು ಕೇಳಬೇಕಾದ ಪ್ರಶ್ನೆಯೊಂದಿದೆ: ಎಷ್ಟು ಕುಡಿದರೆ ಅಪಾಯ? ಈ ಪ್ರಶ್ನೆಗೆ ಉತ್ತರ ಹೇಳುವವರು ಎರಡು ಬಗೆಯಲ್ಲಿ ತಪ್ಪುತ್ತಾರೆಂದು ನಮ್ಮ ಅಭಿಪ್ರಾಯ. ಹೆಚ್ಚು ಕುಡಿದಷ್ಟೂ ಹಾನಿ ಹೆಚ್ಚೆಂಬುದು ಸಿದ್ಧವಾದ ವಿಷಯ. ಒಮ್ಮೆಲೇ ಕುಡಿಯುವುದು ಇನ್ನೂ ಕೆಟ್ಟದ್ದು. ದಿನದ ಒಟ್ಟು ಮೊತ್ತ ಕಡಿಮೆಯಿದ್ದರೂ, ಅದನ್ನು ಸ್ವಲ್ಪ ಹೊತ್ತಿನೊಳಗೆ ಕೊಟ್ಟಾಗ ಇಲಿಮರಿಗಳ ಮಿದುಳಿಗೆ ಹೆಚ್ಚು ಹಾನಿಯಾದುದನ್ನು ಬಾಂಥಿಯಸ್ ಮತ್ತು ವೆಸ್ಟ್ ೧೯೯೦ರಲ್ಲಿ ತೋರಿಸಿದ್ದಾರೆ. ರಕ್ತದಲ್ಲಿ ಮದ್ಯಸಾರ ಏರುವ ಶಿಖರವೇ ಅಲ್ಲಿ ಮುಖ್ಯ. ಆದರೆ ಅತ್ಯಲ್ಪ ಪ್ರಮಾಣದ ಪರಿಣಾಮವನ್ನು ಅಳೆಯುವುದು ಕಷ್ಟ. ಇದನ್ನು ಕಂಡು ಕೆಲವರು, ‘ಸ್ವಲ್ಪ ಕುಡಿದರೆ ಏನೂ ಆಗದು’ ಎನ್ನುತ್ತಾರೆ. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದ ಮಾತ್ರಕ್ಕೆ ಧೂಳಿನ ಕಣಕ್ಕೆ ತೂಕವಿಲ್ಲವೆಂದು ಹೇಳಿದಂತಾಯಿತು. ಇನ್ನು ಕೆಲವರು, ‘ಒಂದು ಗುಟುಕು ಕುಡಿದವಳ ಮಗು ಹಾಳಾಯಿತೆಂದೇ ತಿಳಿಯಿರಿ’ ಎಂದು ಹೆದರಿಸುತ್ತಾರೆ. ಇದು ಧೂಳಿನ ಕಣಕ್ಕೆ ಬಂಡೆಯ ತೂಕವನ್ನು ಕಟ್ಟಿದಂತೆ. ನಿಜವಾದ ಮಾತು ಇಷ್ಟು: ಅಪಾಯವಿಲ್ಲವೆಂದು ಸಿದ್ಧವಾದ ಮಿತಿ ಯಾವುದೂ ಇಲ್ಲ, ಆದುದರಿಂದ ಬಿಡುವುದೇ ವಿವೇಕ. ತಿಳಿಯದೆ ಕುಡಿದಾಗಿದ್ದರೆ, ತಿಳಿದ ಗಳಿಗೆಯಿಂದ ನಿಲ್ಲಿಸುವುದು ವಿವೇಕ. ನಿಲ್ಲಿಸುವುದು ಯಾವ ತಿಂಗಳಲ್ಲಾದರೂ ಲಾಭವೇ, ಏಕೆಂದರೆ ಮಿದುಳು ಕೊನೆಯವರೆಗೂ ಕಟ್ಟಲ್ಪಡುತ್ತಲೇ ಇರುತ್ತದೆ.

ಪರಿಣಾಮ ಎಲ್ಲರಲ್ಲಿಯೂ ಒಂದೇ ಸಮನಲ್ಲ ಎಂಬುದಕ್ಕೆ ಅವಳಿ ಮಕ್ಕಳೇ ಸಾಕ್ಷಿ. ಕುಡಿಯುತ್ತಿದ್ದ ತಾಯಂದಿರ ಹದಿನಾರು ಜೊತೆ ಅವಳಿಗಳನ್ನು ೧೯೯೩ರಲ್ಲಿ ಹೋಲಿಸಿದಾಗ, ಒಂದೇ ಅಂಡದಿಂದ ಹುಟ್ಟಿದ ಐದು ಜೊತೆಗಳಲ್ಲಿ ಇಬ್ಬರ ಸ್ಥಿತಿಯೂ ಒಂದೇ ಆಗಿತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಹನ್ನೊಂದು ಜೊತೆಗಳಲ್ಲಿ ನಾಲ್ಕರಲ್ಲಿ ಒಬ್ಬನಿಗೊಂದು ಸ್ಥಿತಿ, ಇನ್ನೊಬ್ಬನಿಗೊಂದು. ಒಂದೇ ಗರ್ಭ, ಒಂದೇ ಕುಡಿತ. ಆದರೂ ಫಲ ಭಿನ್ನ. ಅನುವಂಶೀಯತೆಯೂ ಇದರಲ್ಲಿ ಪಾಲುಗಾರನೆಂಬುದು ಇದರಿಂದ ಸ್ಪಷ್ಟ. ‘ನಮ್ಮ ನೆರೆಯಾಕೆ ಕುಡಿದಳು, ಅವಳ ಮಗ ಚೆನ್ನಾಗಿದ್ದಾನೆ’ ಎಂಬ ವಾದಕ್ಕೆ ಬೆಲೆಯಿಲ್ಲವೆಂದು ಇದರಿಂದಲೇ ತಿಳಿಯಬಹುದು.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇವೆ. ಈ ತಿಳಿವು ಎಚ್ಚರಿಕೆಯಾಗಬೇಕು, ತಾಯಿಯನ್ನು ಹೊಡೆಯುವ ಕೋಲಾಗಬಾರದು. ಮೂರನೆಯ ವಾರದ ಮಾತನ್ನು ವಾಚಕರು ನೆನೆಯಲಿ: ತನಗೇ ತಿಳಿಯದ ಗರ್ಭಕ್ಕೆ ಆಕೆ ದ್ರೋಹ ಮಾಡಿದಳೆಂದು ಹೇಗೆ ಹೇಳುವುದು? ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತದ ದ್ರಾಕ್ಷಿತೋಟಗಳಲ್ಲಿ ಕೂಲಿಯ ಒಂದು ಭಾಗವನ್ನು ದ್ರಾಕ್ಷಾಮದ್ಯದ ರೂಪದಲ್ಲಿ ಕೊಡುವ ಪದ್ಧತಿಯಿತ್ತು. ಕಾನೂನು ಅದನ್ನು ನಿಷೇಧಿಸಿದ ಮೇಲೂ ಕುಡಿತದ ಅಭ್ಯಾಸ ತಲೆಮಾರುಗಳ ಕಾಲ ಉಳಿಯಿತು. ಆ ಪ್ರಾಂತದ ಒಂದು ಊರಿನಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ ೨೦೦೦ದಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಾವಿರಕ್ಕೆ ನಲವತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಪೂರ್ಣ ಲಕ್ಷಣಗಳಿದ್ದವು. ಆ ಮಕ್ಕಳ ಮಿದುಳಿಗೆ ಬಿದ್ದ ಪೆಟ್ಟಿನಲ್ಲಿ ತಾಯಿಯ ಕೈ ಎಷ್ಟು, ತೋಟದ ಒಡೆಯನ ಕೈ ಎಷ್ಟು? ತಾಯಿಯನ್ನು ಹಳಿದರೆ ಆಕೆ ವೈದ್ಯರಲ್ಲಿ ನಿಜ ಹೇಳಳು. ನಿಜ ಹೇಳದಿದ್ದರೆ ಮಗುವಿನ ದೋಷ ಆರು ವರ್ಷದೊಳಗೆ ಪತ್ತೆಯಾಗದು. ದೂಷಣೆಯ ದಂಡವನ್ನು ತೆರುವವನು ಕೊನೆಗೆ ಮಗುವೇ.

‘ನಮ್ಮ ನಾಡಿನ ಹೆಂಗಸರು ಕುಡಿಯುವುದಿಲ್ಲ, ಇದು ಪಾಶ್ಚಾತ್ಯರ ಚಿಂತೆ’ ಎನ್ನುವವರಿದ್ದಾರೆ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ ಹದಿನೈದು ವರ್ಷ ಮೀರಿದ ಹೆಂಗಸರಲ್ಲಿ ಮದ್ಯ ಸೇವಿಸುವವರು ನೂರಕ್ಕೆ ೧.೩, ಗಂಡಸರಲ್ಲಿ ೧೮.೮. ಹೆಂಗಸರ ಅಂಕ ಸಣ್ಣದೆಂಬುದು ನಿಜ. ಆದರೆ ಅರುಣಾಚಲ ಪ್ರದೇಶದಲ್ಲಿ ಅದೇ ಅಂಕ ನೂರಕ್ಕೆ ೨೪. ಅಲ್ಲದೆ ನಮ್ಮ ಜನಸಂಖ್ಯೆಯಿಂದ ಗುಣಿಸಿದರೆ ನೂರಕ್ಕೆ ಒಂದು ಕೂಡ ಲಕ್ಷಗಟ್ಟಲೆ. ನೆಗಡಿಯಾದ ಹಸುಳೆಯ ಬಾಯಿಗೆ ನಾಲ್ಕು ಹನಿ ಬ್ರಾಂದಿ ಬಿಡುವ ಮನೆಗಳನ್ನು ನಾವೇ ಬಲ್ಲೆವು. ಮಿದುಳಿನ ಬೆಳವಣಿಗೆಯ ವೇಗ ಇನ್ನೂ ತಗ್ಗದ ವಯಸ್ಸದು. ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ೧೮೫೧ರಲ್ಲಿ ಹೊರತಂದು ನಮ್ಮ ಅಜ್ಜಿಯರ ಕಾಲಕ್ಕೆ ಮನೆಮಾತಾದ ಗ್ರೈಪ್ ವಾಟರಿನ ಮೊದಲ ಸೂತ್ರದಲ್ಲಿಯೂ ನೂರಕ್ಕೆ ೩.೬ರಷ್ಟು ಮದ್ಯಸಾರವಿತ್ತು, ಬ್ರಿಟನ್ನಿನಲ್ಲಿ ಅದನ್ನು ತೆಗೆದದ್ದು ೧೯೯೨ರಲ್ಲಿ. ಪ್ರೀತಿಯಿಂದಲೇ ತಪ್ಪು ನಡೆಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದು, ಬಾಟಲಿಯ ಮೇಲಿನ ಮಾತು. ಅಮೆರಿಕದಲ್ಲಿ ೧೯೮೯ರಿಂದ ಮದ್ಯದ ಬಾಟಲಿಗಳ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಅಚ್ಚಾಗುತ್ತಿದೆ. ಫ್ರಾನ್ಸ್ ೨೦೦೭ರಲ್ಲಿ ಗರ್ಭಿಣಿಯ ಚಿತ್ರವನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ೨೦೧೮ರ ನಿಯಮದಂತೆ ಬಂದ ಎಚ್ಚರಿಕೆಯು ಮದ್ಯ ಆರೋಗ್ಯಕ್ಕೆ ಹಾನಿಕರವೆಂದೂ ಕುಡಿದು ವಾಹನ ನಡೆಸಬಾರದೆಂದೂ ಹೇಳಿತು. ಗರ್ಭದ ಮಾತನ್ನು ಎತ್ತಲಿಲ್ಲ. ಓದಲು ಬಾರದವಳಿಗೂ ತಿಳಿಯುವಂತೆ ಒಂದು ಚಿತ್ರ ಸೇರಬೇಕು. ಎರಡನೆಯದು, ಪ್ರೌಢಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ಈ ವಿಷಯ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಟ್ಟಾಗಿ ಬರಬೇಕು. ಬಾಟಲಿಯನ್ನು ಮನೆಗೆ ತರುವವನು ಸಾಮಾನ್ಯವಾಗಿ ಗಂಡಸು. ಪಾಠ ಹೆಂಗಸಿಗೆ ಮಾತ್ರವೆಂದರೆ ಅದು ನ್ಯಾಯವಲ್ಲ. ಮೂರನೆಯದು, ಉಪಾಧ್ಯಾಯರು ತಮ್ಮ ಸಿಟ್ಟಿಗೆ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಮಗು ಮಾಡಲೊಲ್ಲದೋ, ಮಾಡಲಾರದೋ?

ತರುಣ ವಾಚಕರಿಗೆ ಇನ್ನೊಂದು ಮಾತು. ಗಾಜು ಹುಟ್ಟಿದ ದಿನವೇ ತಣಿಯುವುದಿಲ್ಲ. ಆವೇಗವನ್ನು ಹಿಡಿತದಲ್ಲಿಡುವ ಮುಂಮಿದುಳಿನ ಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಿರುತ್ತದೆ. ಹದಿನೈದು ವರ್ಷದೊಳಗೆ ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ, ಇಪ್ಪತ್ತಾದ ಮೇಲೆ ತೊಡಗಿದವರಲ್ಲಿ ಸುಮಾರು ಹತ್ತು ಮಂದಿ, ಜೀವನದಲ್ಲಿ ಎಂದಾದರೂ ಮದ್ಯದ ದಾಸರಾದರೆಂದು ಅಮೆರಿಕದಲ್ಲಿ ೧೯೯೭ರಲ್ಲಿ ಪ್ರಕಟವಾದ ಲೆಕ್ಕ ತೋರಿಸುತ್ತದೆ. ಬೇಗ ತೊಡಗುವುದೊಂದೇ ಅದಕ್ಕೆ ಕಾರಣವೆಂದು ಈ ಲೆಕ್ಕದಿಂದ ಸಿದ್ಧವಾಗದು. ಆದರೆ ಕಾಯುವುದರಿಂದ ನಷ್ಟವಂತೂ ಇಲ್ಲ.

ಆ ಹುಡುಗನು ಇಂದು ಮತ್ತೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತರೆ ನಾವು ಅವನ ಮುಂದೆ ವರ್ನಿಯರ್ ಮಾಪಕವನ್ನು ಇಟ್ಟು, ಓದುವ ಕ್ರಮವನ್ನು ನಾಲ್ಕು ಸಾಲಿನಲ್ಲಿ ಚೀಟಿಯ ಮೇಲೆ ಬರೆದು ಅದರ ಪಕ್ಕದಲ್ಲಿಯೇ ಅಂಟಿಸುತ್ತೇವೆ. ಸೋಮವಾರ ಹೇಳಿದ್ದನ್ನು ಗುರುವಾರ ಮತ್ತೆ ಹೇಳುತ್ತೇವೆ. ಬೇಕಾದರೆ ಶನಿವಾರವೂ ಹೇಳುತ್ತೇವೆ. ಅವನ ಮರೆವಿಗೆ ಕಾರಣ ಯಾವುದೇ ಆಗಿರಲಿ, ಅಷ್ಟು ಮಾಡಲು ನಮಗೆ ಅಂದೂ ಯಾವ ಅಡ್ಡಿಯೂ ಇರಲಿಲ್ಲ.